ಎರಡನೆಯ ಸಹಿ

ನನಗೆ ಜಪಾನಿ ಭಾಷೆ ಬರುವುದಿಲ್ಲ. ಜಪಾನಿನಲ್ಲಿ ಒಯ್ದು ಬಿಟ್ಟರೆ ಕುಡಿಯುವ ನೀರು ಕೇಳುವುದಕ್ಕೂ ಕೈಸನ್ನೆಯೇ ಗತಿ. ಆದರೆ ಅಲ್ಲಿ ಕಾಲೇಜು ಮುಗಿಸಿದ ಹುಡುಗರು ನೌಕರಿ ಹಿಡಿಯುವುದಕ್ಕೆ ಸಂಬಂಧಪಟ್ಟ ಮಾತುಗಳು ಮಾತ್ರ ನಲವತ್ತೆರಡು ಬರುತ್ತವೆ. ನೌಕರಿ ಹುಡುಕುವ ಓಡಾಟಕ್ಕೆ ಶೂಕಾತ್ಸು. ಆಗತಾನೇ ಪದವಿ ಮುಗಿಸಿದವರಿಗೆ ಶಿನ್‌ಸೋತ್ಸು. ಸಂದರ್ಶನಕ್ಕೆ ಮೆನ್‌ಸೆತ್ಸು. ಧಾರವಾಡದಲ್ಲಿ ಹುಟ್ಟಿ, ಅಹಮದಾಬಾದಿನ ಮಣಿನಗರದಲ್ಲಿ ಸಂಸಾರ ಹೂಡಿ, ಐವತ್ತರ ಹತ್ತಿರ ಬಂದ ಗಣಿತದ ಟೀಚರಿಗೆ ಇವೆಲ್ಲ ಯಾಕೆ ಬೇಕಿದ್ದವು ಎಂದು ನನ್ನ ತಂಗಿ ಈಗಲೂ ನಗುತ್ತಾಳೆ. ನನಗೆ ಬೇಕಿರಲಿಲ್ಲ, ಮಗಳಿಗೆ ಬೇಕಿದ್ದವು. ಮಗಳಿಗೆ ಬೇಕಾದದ್ದರಲ್ಲಿ ಮೂಗು ತೂರಿಸದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಮಗಳು ವಡೋದರಾದ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಳು. ಎರಡನೆಯ ವರ್ಷದಿಂದಲೇ ಜಪಾನಿ ಕ್ಲಾಸಿಗೆ ಸೇರಿದ್ದಳು. ಕೊನೆಯ ವರ್ಷ ಬಂದಾಗ ಒಂದು ಜಪಾನಿ ಕಂಪನಿ ಕಾಲೇಜಿಗೆ ಬರುತ್ತದೆಂದು ಗೊತ್ತಾಯಿತು. ಅದರ ಕಾರ್ಖಾನೆ ಅಹಮದಾಬಾದಿನಿಂದ ಒಂದೂವರೆ ತಾಸಿನ ದಾರಿ. ಆಯ್ಕೆಯಾದವರಿಗೆ ಮೊದಲ ವರ್ಷ ಜಪಾನಿನಲ್ಲಿ ತರಬೇತಿ, ಆಮೇಲೆ ಇಲ್ಲೇ ಕೆಲಸ. ಆಯ್ಕೆಯ ಕ್ರಮವೆಲ್ಲ ಅವರ ದೇಶದ ಪದ್ಧತಿಯಂತೆ. ಹೀಗಾಗಿ ಮಗಳು ನೌಕರಿಯ ಮಾತುಗಳ ಒಂದು ಪಟ್ಟಿಯ ಫೋಟೊ ತೆಗೆದು ನನಗೆ ಕಳಿಸಿದಳು. ದಿನಾ ಸಂಜೆ ಫೋನಿನಲ್ಲಿ ನಾನು ಕೇಳಬೇಕು, ಅವಳು ಹೇಳಬೇಕು.

ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಒಂದೊಂದು ಮಾತನ್ನೂ ಕನ್ನಡದಲ್ಲಿ ಬರೆದು ಚೀಟಿ ಮಾಡಿಕೊಂಡೆ. ಪಟ್ಟಿಯಲ್ಲಿದ್ದದ್ದು ನಲವತ್ತೈದು ಮಾತು. ಮೂರನ್ನು ನಾನು ಬರೆಯಲೇ ಇಲ್ಲ. ಒಂದು, ಆಯ್ಕೆಯಾಗಲಿಲ್ಲ ಎನ್ನುವುದು. ಇನ್ನೊಂದು, ಸಿಕ್ಕ ಕೆಲಸವನ್ನು ತಾವೇ ಬಿಟ್ಟುಕೊಡುವುದು. ಮತ್ತೊಂದು, ಕೊಟ್ಟ ಕೆಲಸವನ್ನು ಕಂಪನಿಯೇ ರದ್ದು ಮಾಡುವುದು. ಶುಭ ಕೆಲಸಕ್ಕೆ ಹೊರಟಾಗ ಅಂಥ ಮಾತುಗಳನ್ನು ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಯಿಪಾಠ ಮಾಡಿಸಲು ನನಗೇನು ಹುಚ್ಚೇ?

ಅದಕ್ಕೆ ಮೊದಲು ನಮ್ಮ ಫೋನಿನ ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. "ಊಟ ಆತೇನು?" "ಹಾಂ ಮಮ್ಮಿ." "ಓದಾಕತ್ತೀಯಿಲ್ಲೋ?" "ಹಾಂ ಮಮ್ಮಿ." ಅವಳು ಮಣಿನಗರದಲ್ಲೇ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ, ಆಡಹೋದರೆ ಅರ್ಧಕ್ಕೆ ಹಿಂದಿಯೋ ಗುಜರಾತಿಯೋ ಬಂದು ಸೇರಿಕೊಳ್ಳುತ್ತದೆ. ನನಗೆ ಸಿಟ್ಟು ಬರುತ್ತಿತ್ತು, ಅವಳಿಗೆ ಬೇಸರವಾಗುತ್ತಿತ್ತು, ಫೋನು ಇಡುತ್ತಿದ್ದೆವು. ಚೀಟಿಗಳು ಬಂದ ಮೇಲೆ ಅರ್ಧ ತಾಸು, ಮುಕ್ಕಾಲು ತಾಸು ಮಾತು. ಇಬ್ಬರದೂ ಅಲ್ಲದ ಒಂದು ಮೂರನೆಯ ಭಾಷೆ ನಮ್ಮನ್ನು ದಿನಾ ಕೂರಿಸಿ ಮಾತಾಡಿಸಿತು. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಯಜಮಾನರ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅವರು ಜೀವವಿಮೆಯವರು. ನಮ್ಮನ್ನು ಧಾರವಾಡದಿಂದ ಇಲ್ಲಿಗೆ ತಂದದ್ದು ಅವರ ವರ್ಗಾವಣೆ. ಮಗಳು ಎಂಟನೇ ಇಯತ್ತೆಯಲ್ಲಿದ್ದಾಗ ಮತ್ತೆ ಸೂರತ್ತಿಗೆ ವರ್ಗವಾಯಿತು. ಮಗಳ ಶಾಲೆ, ನನ್ನ ಕೆಲಸ ಎರಡೂ ಇಲ್ಲೇ ಇದ್ದುದರಿಂದ ನಾವು ಉಳಿದೆವು. ಅವರು ಅಲ್ಲಿಯ ಕತಾರ್‌ಗಾಮಿನಲ್ಲಿ, ವಜ್ರಕ್ಕೆ ಮೆರುಗು ಕೊಡುವ ಒಂದು ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಕೋಣೆ ಹಿಡಿದರು. ಶನಿವಾರ ಬರುವುದು, ಸೋಮವಾರ ನಸುಕಿನ ಗಾಡಿಗೆ ಹೋಗುವುದು.

ಮಗಳು ಆರನೇ ಇಯತ್ತೆಯಲ್ಲಿದ್ದಾಗಿನಿಂದಲೂ ಅವಳ ಶಾಲೆ ಒಂದು ಗಂಟೆಗೆ ಬಿಡುತ್ತಿತ್ತು, ನನ್ನದು ಐದಕ್ಕೆ. ಆ ನಾಲ್ಕು ತಾಸು ಅವಳು ಕೆಳಗಿನ ಮನೆಯಲ್ಲಿರುತ್ತಿದ್ದಳು. ಅಲ್ಲಿ ಇದ್ದವರನ್ನು ಕಟ್ಟಡದ ಎಲ್ಲರೂ 'ಬಾ' ಎಂದು ಕರೆಯುತ್ತಿದ್ದರು, ಗುಜರಾತಿಯಲ್ಲಿ ಅವ್ವ ಎಂದಂತೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲೇ ಕೂತು ಹಪ್ಪಳದಷ್ಟು ತೆಳ್ಳಗಿನ ಖಾಖ್ರಾ ಲಟ್ಟಿಸಿ, ಬೇಯಿಸಿ, ಅಂಗಡಿಗಳಿಗೆ ಕೊಟ್ಟು ಜೀವನ ಮಾಡುತ್ತಿದ್ದರು. ಓದಿದ್ದು ನಾಲ್ಕನೇ ಇಯತ್ತೆ. ಏಳು ವರ್ಷ ನನ್ನ ಮಗಳಿಗೆ ಮಧ್ಯಾಹ್ನದ ಊಟ ಹಾಕಿದವರು ಅವರು. ನಾನು ಆ ಏಳು ವರ್ಷವೂ ಅವರೊಡನೆ, ಮೇಲಿನ ನಮ್ಮ ಒದ್ದೆ ಬಟ್ಟೆಯಿಂದ ಅವರ ಒಣಹಾಕಿದ ಖಾಖ್ರಾದ ಮೇಲೆ ನೀರು ತೊಟ್ಟಿಕ್ಕಿತೋ ಇಲ್ಲವೋ ಎಂದು ಜಗಳ ತೆಗೆದಿದ್ದೇನೆ. ತೊಟ್ಟಿಕ್ಕುತ್ತಿತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಅರ್ಜಿಯ ಜೊತೆ ರಿರೆಕಿಶೋ ಕಳಿಸಬೇಕಿತ್ತು. ಓದು, ಬರಹ, ಹವ್ಯಾಸ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೈಯಿಂದಲೇ ಬರೆಯುವ ಪರಿಚಯಪತ್ರ ಅದು. ಒಂದು ಅಕ್ಷರ ತಪ್ಪಿದರೆ ಬಿಳಿ ಹಚ್ಚಿ ತಿದ್ದುವಂತಿಲ್ಲ, ಇಡೀ ಹಾಳೆ ಮತ್ತೆ ಬರೆಯಬೇಕು. ಮಗಳು ಒಂದು ಭಾನುವಾರ ಮನೆಗೆ ಬಂದು ಬರೆಯಲು ಕೂತಳು. ನಾನು ಪಕ್ಕದಲ್ಲಿ ನಿಂತು "ಸಾವಕಾಶ ಬರಿ, ಸಾವಕಾಶ" ಎಂದು ಎಷ್ಟು ಸಲ ಹೇಳಿದೆನೋ ಅಷ್ಟು ಹಾಳೆ ಕೆಟ್ಟವು. ಆರನೆಯದು ಕೆಟ್ಟಾಗ ಅವಳು ಪೆನ್ನು, ಹಾಳೆ ಎತ್ತಿಕೊಂಡು ಕೆಳಗಿನ ಮನೆಗೆ ಹೋದಳು. ಸಂಜೆ ನಾಲ್ಕಕ್ಕೆ ಒಂದೂ ತಪ್ಪಿಲ್ಲದ ಹಾಳೆ ಹಿಡಿದು ಮೇಲೆ ಬಂದಳು. ಬಾ ಏನು ಮಾಡಿದರು ಎಂದು ಕೇಳಿದೆ. "ಕುಛ್ ನಹೀ ಮಮ್ಮಿ. ಅವ್ರು ಲಟ್ಟಸಾಕತ್ತಿದ್ರು, ನಾ ಬರ್ಯಾಕತ್ತಿದ್ದೆ" ಎಂದಳು.

ಸಂದರ್ಶನ ಮೂರು ಸುತ್ತು ನಡೆಯಿತು. ಮೂರನೆಯದು ಮುಗಿದ ವಾರಕ್ಕೆ ಫೋನು ಬಂತು. ನಾಯ್‌ನಾಯ್‌ತೆಯ್ ಆಗಿದೆ ಎಂದರು. ಇದೇನು ಎಂದರೆ, ನಮ್ಮ ಕಡೆ ಹುಡುಗಿ ನೋಡಿ ಹೋದ ಮೇಲೆ 'ನಮಗ ಒಪ್ಪಿಗಿ ಐತಿ' ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸುತ್ತಾರಲ್ಲ, ಅದು. ಆಮೇಲೆ ಕಾಗದದಲ್ಲಿ ಬರುವುದು ನಾಯ್‌ತೆಯ್, ಅಂದರೆ ನಿಶ್ಚಯ. ಕೆಲಸಕ್ಕೆ ಸೇರುವುದೇ ಮದುವೆ. ನಾನು ನಾಯ್‌ನಾಯ್‌ತೆಯ್‌ಗೇ ಊರಿಗೆಲ್ಲ ಫೋನು ಮಾಡಿಬಿಟ್ಟೆ. ಯಜಮಾನರು ಸೂರತ್ತಿನಿಂದ ಘಾರಿ ಎಂಬ ಅಲ್ಲಿಯ ತುಪ್ಪದ ಸಿಹಿಯ ಡಬ್ಬಿ ತಂದು, "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸ್ಬ್ಯಾಡ. ಕಾಗದ ಬರಲಿ, ಅಲ್ಲೀಮಟ ಇದನ್ನ ಒಡೀಬ್ಯಾಡ" ಎಂದು ಫ್ರಿಜ್ಜಿನಲ್ಲಿಟ್ಟರು. ಮರುದಿನ ನೋಡಿದರೆ ಡಬ್ಬಿಯಲ್ಲಿ ಎರಡು ಕಡಿಮೆ ಇದ್ದವು. ತಿಂದದ್ದು ಅವರೇ.

ಹದಿನೈದು ದಿನಕ್ಕೆ ಕಾಗದವೂ ಬಂತು. ನಾಯ್‌ತೆಯ್! ಜೊತೆಗೆ ಎರಡು ನಮೂನೆಗಳಿದ್ದವು. ಒಂದು, ಖಂಡಿತ ಸೇರುತ್ತೇನೆ ಎಂದು ಮಗಳು ಬರೆದುಕೊಡುವುದು. ಇನ್ನೊಂದಕ್ಕೆ ನಮ್ಮ ಚೀಟಿಗಳಲ್ಲೇ ಅತಿ ಉದ್ದದ ಹೆಸರಿತ್ತು. ಅದರಲ್ಲಿ ಮಿಮೋತೊ ಹೋಷೋನಿನ್ ಇಬ್ಬರು ಸಹಿ ಮಾಡಬೇಕು. ಹೊಸದಾಗಿ ಸೇರುವವರ ಪರವಾಗಿ, ಈ ಹುಡುಗಿಗೆ ನಾನಿದ್ದೇನೆ, ಇವಳ ನಡತೆಗೆ ನಾನು ಹೊಣೆ ಎಂದು ನಿಲ್ಲುವವರು. ಒಬ್ಬರು ತಂದೆಯೋ ತಾಯಿಯೋ ಆಗಬಹುದು. ಎರಡನೆಯವರು ಬೇರೆ ಮನೆಯಲ್ಲಿದ್ದು ಬೇರೆ ಒಲೆ ಹೂಡಿದವರಿರಬೇಕು. ಎರಡು ವಾರದಲ್ಲಿ ಮರಳಿಸಬೇಕು.

ಶನಿವಾರ ಮಗಳೂ ಮನೆಗೆ ಬಂದಿದ್ದಳು. ಯಜಮಾನರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು. "ಮೂವತ್ತು ವರ್ಷ ಮಂದಿಗೆ 'ಇಲ್ಲಿ ಸಹಿ ಮಾಡ್ರಿ, ಇಲ್ಲಿ ಮಾಡ್ರಿ' ಅಂದಾಂವ ನಾನು. ಒಬ್ರೂ ಓದಿ ಮಾಡಿದ್ದು ನೋಡಿಲ್ಲ. ನಾನರೆ ಓದಿ ಮಾಡ್ತೀನಿ" ಎಂದು ನಗುತ್ತ ಮೊದಲ ಸಹಿ ಹಾಕಿದರು.

"ಎರಡನೇದು ಯಾರದು?" ಎಂದೆ ನಾನು.

ಊರಲ್ಲಾಗಿದ್ದರೆ ಸೋದರಮಾವ, ಚಿಕ್ಕಪ್ಪ ಎಂದು ಸಾಲು ನಿಲ್ಲುತ್ತಿತ್ತು. ಆದರೆ ಕಂಪನಿ ಕರೆದರೆ ಬರುವಷ್ಟು ಹತ್ತಿರದಲ್ಲಿ ಇರುವವರು ಬೇಕೆಂದು ಬರೆದಿತ್ತು. ವರ್ಗಾವಣೆಯವರಿಗೆ ಯಾರಿರುತ್ತಾರೆ? ಮಗಳು ಯೋಚಿಸಲೂ ಇಲ್ಲ.

"ಬಾ ಹೈ ನಾ" ಎಂದಳು.

"ತಲಿ ನೆಟ್ಟಗೈತೇನು ನಿಂದು?" ಎಂದು ನಾನು ಹರಿಹಾಯ್ದೆ. "ಅಷ್ಟ್ ದೊಡ್ಡ ಕಂಪನಿಗೆ ಖಾಖ್ರಾ ಲಟ್ಟಸೂರ ಸಹಿ ಕಳಸ್ತಿಯೇನು? ಯಾರರೆ ದೊಡ್ಡ ಮನಷ್ಯಾರದು ಬೇಕು. ಶಿಕ್ಕಾ ಇದ್ದವರದು."

ಮಗಳು ನನ್ನ ಮುಖ ನೋಡಿದಳು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ನನ್ನದಕ್ಕೆ ಲಗಾಮೂ ಇಲ್ಲ.

ನನ್ನ ಲೆಕ್ಕ ಹೀಗಿತ್ತು. ಹುಟ್ಟಿದಾಗಿನಿಂದ ನಾವು ಕಂಡದ್ದು ಒಂದೇ. ಯಾವ ಕಾಗದಕ್ಕಾದರೂ ಬೆಲೆ ಬರಬೇಕಾದರೆ ಒಬ್ಬ ಗೆಜೆಟೆಡ್ ಅಧಿಕಾರಿ ಹಸಿರು ಶಾಯಿಯಲ್ಲಿ ಗೀಚಿ ಶಿಕ್ಕಾ ಒತ್ತಬೇಕು. ಅವರಿಗೆ ನಮ್ಮ ಗುರುತೇ ಇರುವುದಿಲ್ಲ. ಆದರೂ 'ಇವರನ್ನು ನಾನು ಬಲ್ಲೆ' ಎಂದು ಸಹಿ ಹಾಕಿ ಕೊಡುತ್ತಾರೆ. ನಾವೂ ತಲೆಮಾರುಗಟ್ಟಲೆ ಹಾಗೇ ಹಾಕಿಸಿಕೊಂಡು ಬಂದಿದ್ದೇವೆ. ಜಪಾನಿನವರ ಹೊಣೆಗಾರರೂ ಇದರ ದೊಡ್ಡಣ್ಣನೇ ಇರಬೇಕು ಎಂದು ನಾನು ತೀರ್ಮಾನಿಸಿದೆ.

ನಗರದ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಮೈಸೂರು ಕಡೆಯ ಹಿರಿಯ ವಿಜ್ಞಾನಿಯೊಬ್ಬರಿದ್ದರು. ಕನ್ನಡದವರ ಗಣಪತಿ ಹಬ್ಬಕ್ಕೆ ಪ್ರತಿವರ್ಷ ಬಂದು ಮಕ್ಕಳಿಗೆ ಬಹುಮಾನ ಹಂಚುತ್ತಿದ್ದರು. ಅವರ ಕ್ವಾರ್ಟರ್ಸಿಗೆ ಹೋಗಿ ನಮೂನೆ ಮುಂದಿಟ್ಟೆ. ಪಾಪ, ತುಂಬ ಒಳ್ಳೆಯವರು. "ನಮ್ಮ ಕನ್ನಡದ ಹುಡುಗಿ ಅಲ್ವೇನಮ್ಮಾ, ಅದಕ್ಕೇನಂತೆ" ಎಂದು ಕಾಫಿ ಕೊಡಿಸಿ, ಹಸಿರು ಶಾಯಿಯಲ್ಲಿ ಸಹಿ ಮಾಡಿ, ದುಂಡನೆಯ ಶಿಕ್ಕಾ ಒತ್ತಿಕೊಟ್ಟರು. ಸಂಬಂಧ ಎಂಬಲ್ಲಿ ನಾನೇ 'ಕುಟುಂಬದ ಹಿತೈಷಿ' ಎಂದು ಇಂಗ್ಲಿಷಿನಲ್ಲಿ ತುಂಬಿಸಿದೆ. ಮೆಟ್ಟಿಲು ಹತ್ತುವಾಗ ಬಾ ಎದುರಾದರು. "ದೊಡ್ಡವರ ಸಹಿ ಸಿಕ್ಕಿತಾ?" ಎಂದು ಗುಜರಾತಿಯಲ್ಲಿ ಕೇಳಿದರು. ಮಗಳು ಹೇಳಿರಬೇಕು. ಸಿಕ್ಕಿತು ಎಂದು ಕಾಗದ ತೋರಿಸಿದೆ. "ಚೆನ್ನಾಗಾಯಿತು" ಎಂದು ಶಿಕ್ಕಾದ ಮೇಲೆ ಬೆರಳಾಡಿಸಿ ಒಳಗೆ ಹೋದರು.

ಕಾಗದ ಕಳಿಸಿದ ಒಂಬತ್ತನೆಯ ದಿನ ಕಂಪನಿಯಿಂದ ಫೋನು ಬಂತು. ಮಗಳು ಆಗ ಪರೀಕ್ಷೆಯ ಓದಿಗೆಂದು ಮನೆಯಲ್ಲೇ ಇದ್ದಳು. ಅವಳ ಮುಖದ ರಕ್ತ ಇಳಿದುಹೋದದ್ದನ್ನು ನಾನು ಅಡುಗೆಮನೆಯಿಂದಲೇ ಕಂಡೆ.

ನಡೆದದ್ದು ಇಷ್ಟು. ಎರಡನೆಯ ಹೊಣೆಗಾರರಿಗೆ ಕಂಪನಿಯವರೇ ಫೋನು ಮಾಡಿ ನಾಲ್ಕು ಮಾತು ಕೇಳುವುದು ಅವರ ಪದ್ಧತಿಯಂತೆ. ಈ ಹುಡುಗಿಯನ್ನು ಎಷ್ಟು ವರ್ಷದಿಂದ ಬಲ್ಲಿರಿ? ಅವಳ ದೋಷವೇನು? ತಪ್ಪು ಮಾಡಿದರೆ ಏನು ಮಾಡುತ್ತಾಳೆ? ವಿಜ್ಞಾನಿಗಳು ಸುಳ್ಳು ಹೇಳುವವರಲ್ಲ. ಒಮ್ಮೆ ಬಹುಮಾನ ಕೊಡುವಾಗ ವೇದಿಕೆಯ ಮೇಲೆ ನೋಡಿದ್ದೇನೆ, ಹೆಚ್ಚಿಗೆ ಗೊತ್ತಿಲ್ಲ ಎಂದು ಇದ್ದದ್ದನ್ನು ಹೇಳಿದರು. ಗೊತ್ತಿಲ್ಲದವರಿಂದ 'ಬಲ್ಲೆ' ಎಂದು ಬರೆಸಿದ ಹುಡುಗಿಯನ್ನು ನಂಬಬಹುದೇ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಶುಕ್ರವಾರ ನಿಜವಾಗಿ ಬಲ್ಲವರೊಬ್ಬರನ್ನು ಕರೆದುಕೊಂಡು ನಗರದ ಕಚೇರಿಗೆ ಬರಬೇಕು. ಆಗದಿದ್ದರೆ ನಾಯ್‌ತೆಯ್ ತೊರಿಕೆಷಿ.

ಆ ಕೊನೆಯ ಮಾತು ನನಗೆ ಗೊತ್ತಿರಲಿಲ್ಲ. "ಹಂಗಂದ್ರೇನು?" ಎಂದೆ.

"ನೀ ಚೀಟಿ ಬರೀಲಿಲ್ಲಲ್ಲ ಮಮ್ಮಿ, ಅದು" ಎಂದಳು. ರದ್ದು.

ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಹಗುರಾಗುತ್ತಿತ್ತು. ಅವಳು ನಮೂನೆಯ ನಕಲು ತಂದು ನನ್ನ ಮುಂದಿಟ್ಟಳು. "ದೊಡ್ಡ ಮನಷ್ಯಾರು ಅಂತ ಇದ್ರಾಗ ಕಹಾಂ ಲಿಖಾ ಹೈ, ಮಮ್ಮಿ? ನಂಗ ತೋರಸು." ನಾನು ಹುಡುಕಿದೆ. ಎಲ್ಲೂ ಇರಲಿಲ್ಲ. ಎರಡು ವರ್ಷ ಅವಳು ಪಟ್ಟ ಕಷ್ಟವನ್ನು ನಾನು ಒಂದು ಶಿಕ್ಕಾ ಒತ್ತಿಸಿ ಕೆಡಿಸಿದ್ದೆ. ಸೂರತ್ತಿಗೆ ಫೋನು ಮಾಡಿ ಅತ್ತೆ. ಯಜಮಾನರು ಎಲ್ಲ ಕೇಳಿ, "ಅಂಗೈಯಾಗ ಬೆಣ್ಣಿ ಇಟ್ಕೊಂಡು ಊರೆಲ್ಲಾ ತುಪ್ಪಾ ಹುಡಿಕ್ಯಾಡಿದಿ. ಈಗ ಅಳೂದು ಬಿಟ್ಟು ಕೆಳಗಿಳಿ" ಎಂದರು. ವಿಜ್ಞಾನಿಗಳೂ ತಾವಾಗಿಯೇ ಫೋನು ಮಾಡಿದರು. ಬೈಯಲಿಲ್ಲ. "ತಪ್ಪು ನನ್ನದೂ ಇದೆ ಕಣಮ್ಮಾ. ಓದದೇ ಸಹಿ ಹಾಕಿ ಹಾಕಿ ಅಭ್ಯಾಸವಾಗಿಬಿಟ್ಟಿದೆ. ಅವರು ಕೇಳಿದ್ದು ಸರಿಯಾಗೇ ಇದೆ" ಎಂದರು. ಅವರ ದೊಡ್ಡತನಕ್ಕೆ ನಾನು ಇಂದಿಗೂ ಋಣಿ.

ಕೆಳಗಿಳಿಯುವುದು ಹದಿನೆಂಟು ಮೆಟ್ಟಿಲು. ಅವತ್ತು ನನಗೆ ಅವು ಮುಗಿಯಲೇ ಇಲ್ಲ. ಬಾ ಮಣೆಯ ಮುಂದೆ ಕೂತು ಲಟ್ಟಿಸುತ್ತಿದ್ದರು. ಬಾಗಿಲಲ್ಲೇ ನಿಂತು ನನ್ನ ಹರುಕು ಗುಜರಾತಿಯಲ್ಲಿ ಎಲ್ಲವನ್ನೂ ಹೇಳಿದೆ. ಮಗಳು ಮೊದಲ ದಿನವೇ ನಿಮ್ಮ ಹೆಸರು ಹೇಳಿದ್ದಳು, ನಾನೇ ಬೇಡವೆಂದೆ ಎಂಬುದನ್ನೂ ಹೇಳಿದೆ. ಅದೊಂದನ್ನಾದರೂ ಮುಚ್ಚಿಡಬಾರದು ಎನ್ನಿಸಿತು.

"ಗೊತ್ತು" ಎಂದರು. "ಬಾಗಿಲಲ್ಲಿ ನಿಲ್ಲಬೇಡ, ಕೂತುಕೋ."

ಚಹಾ ಬಂತು. ಆಮೇಲೆ ನಮೂನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳು ಎಂದರು. ಸಾಲುಸಾಲಾಗಿ ಹೇಳಿದೆ. ಒಂದು ಸಾಲಿಗೆ ನಿಲ್ಲಿಸಿ, "ಅವಳು ಅಲ್ಲಿ ತಪ್ಪು ಮಾಡಿದರೆ ನಾನು ಏನು ಮಾಡಬೇಕು?" ಎಂದು ಕೇಳಿದರು.

"ನಿಮಗೆ ಫೋನು ಮಾಡುತ್ತಾರೆ."

"ನಾನು ಎತ್ತಬೇಕು. ಅಷ್ಟೇನಾ?"

"ಅಷ್ಟೇ ಇರಬೇಕು, ಬಾ."

"ಅದನ್ನು ಮಾಡುತ್ತಲೇ ಇದ್ದೇನಲ್ಲ" ಎಂದು ಮತ್ತೆ ಲಟ್ಟಣಿಗೆ ಹಿಡಿದರು. ಅವರು ಹಾಗೆಂದದ್ದು ಏನು ಎಂದು ಆಗ ನನಗೆ ತಿಳಿಯಲಿಲ್ಲ.

ಶುಕ್ರವಾರ ಮೂವರೂ ಆಟೋದಲ್ಲಿ ಹೋದೆವು. ಬಾ ಇಸ್ತ್ರಿ ಮಾಡಿದ ತೆಳುಬಣ್ಣದ ಸೀರೆ ಉಟ್ಟು, ಮಡಿಲಲ್ಲಿ ಮೆಂತ್ಯದ ಖಾಖ್ರಾದ ಡಬ್ಬಿ ಇಟ್ಟುಕೊಂಡಿದ್ದರು. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದಂತೆ, ಕಚೇರಿಯಾದರೇನು. ಅಲ್ಲಿ ನರೆಗೂದಲಿನ ಒಬ್ಬ ಜಪಾನಿ ಅಧಿಕಾರಿ, ಪಕ್ಕದಲ್ಲಿ ಮಾತು ತಿರುಗಿಸಿ ಹೇಳುವ ಗುಜರಾತಿ ಹುಡುಗಿ. ಅಧಿಕಾರಿ ಎದ್ದು ನಿಂತು ಬಾ ಅವರಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಬಾ ಕೈಮುಗಿದು ಡಬ್ಬಿ ಮುಂದಿಟ್ಟರು. ಅವರು ಎರಡೂ ಕೈಯಿಂದ ತೆಗೆದುಕೊಂಡರು.

ಮೊದಲು ನಾನು ತಪ್ಪೊಪ್ಪಿಕೊಂಡೆ. ಮಗಳದೇನೂ ಇಲ್ಲ, ಅವಳು ಸರಿಯಾದ ಹೆಸರನ್ನೇ ಹೇಳಿದ್ದಳು, ಶಿಕ್ಕಾದ ಆಸೆ ನನ್ನದು ಎಂದೆ. ಅಧಿಕಾರಿ ತಲೆ ಆಡಿಸಿದರು. ಮುಖದಿಂದ ಏನೂ ತಿಳಿಯಲಿಲ್ಲ. ಆಮೇಲೆ ಬಾ ಕಡೆ ತಿರುಗಿದರು.

ಎಷ್ಟು ವರ್ಷದಿಂದ ಬಲ್ಲಿರಿ? ಹನ್ನೊಂದು, ಎಂದರು ಬಾ. ಅವಳ ದೋಷವೇನು?

ಬಾ ನನ್ನ ಕಡೆ ಒಮ್ಮೆ ನೋಡಿದರು.

"ಹೆದರಿದರೆ ಬಚ್ಚಿಡುತ್ತಾಳೆ" ಎಂದರು. "ಒಂಬತ್ತನೇ ಇಯತ್ತೆಯಲ್ಲಿ ಗಣಿತದಲ್ಲಿ ನಾಪಾಸಾದಳು. ಅವಳ ತಾಯಿ ಗಣಿತದ ಟೀಚರು. ಹೆದರಿ ಉತ್ತರಪತ್ರಿಕೆಯನ್ನು ನನ್ನ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ನಾನು ನೋಡಿದೆ, ಕೇಳಲಿಲ್ಲ. ಮರುದಿನ ಶಾಲೆಯಿಂದ ಬಂದವಳೇ ತಾನೇ ತೆಗೆದು, ಹಿಟ್ಟು ಜಾಡಿಸಿ, ನನ್ನ ಕೈಗೆ ಕೊಟ್ಟು ಅತ್ತಳು. ಸಂಜೆ ತಾಯಿಗೂ ತಾನೇ ತೋರಿಸಿದಳು. ಆಮೇಲೂ ಎಷ್ಟೋ ಸಲ ಹೀಗೇ. ಮೊದಲ ದಿನ ಬಚ್ಚಿಡುತ್ತಾಳೆ, ಎರಡನೆಯ ದಿನ ತಾನಾಗಿ ಬಂದು ಹೇಳುತ್ತಾಳೆ. ಹೇಳದೇ ಉಳಿದದ್ದು ಒಂದೂ ಇಲ್ಲ. ನೀವೂ ಮೊದಲ ದಿನ ಕೇಳಬೇಡಿ. ಒಂದು ದಿನ ಕೊಡಿ."

ಆ ಉತ್ತರಪತ್ರಿಕೆ ನನಗೆ ನೆನಪಿತ್ತು. ಅದರ ಮಡಿಕೆಗಳಲ್ಲಿ ಹಿಟ್ಟು ಇದ್ದದ್ದೂ ನೆನಪಿತ್ತು. ಅವತ್ತು ಅಂಕಕ್ಕೆ ಕೊಟ್ಟದ್ದಲ್ಲದೆ, ಹಾಳೆಯನ್ನು ಹೊಲಸು ಮಾಡಿದ್ದೀಯಲ್ಲ ಎಂದು ಇನ್ನೂ ಎರಡು ಏಟು ಕೊಟ್ಟಿದ್ದೆ. ಕಚೇರಿಯ ಆ ಕುರ್ಚಿಯಲ್ಲಿ ಕೂತು ನನಗೆ ನಾಚಿಕೆಯಾಯಿತು, ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ನಾನು ಕಾಣದ ನನ್ನ ಮಗಳನ್ನು ಯಾರೋ ಒಬ್ಬರು ದಿನಾ ಕಾಣುತ್ತಿದ್ದರಲ್ಲ ಎಂದು ಹೇಳಲಾರದಷ್ಟು ಸಮಾಧಾನವಾಯಿತು.

ಅಧಿಕಾರಿ ಬಹಳ ಹೊತ್ತು ಏನೋ ಬರೆದುಕೊಂಡರು. ಕೊನೆಗೆ ಜಪಾನಿಯಲ್ಲಿ ನಿಧಾನವಾಗಿ ಏನೋ ಹೇಳಿದರು. ಹುಡುಗಿ ತಿರುಗಿಸಿ ಹೇಳಿದಳು: "ನಮಗೆ ಇಂಥ ಹೊಣೆಗಾರರೇ ಬೇಕು. ದಯವಿಟ್ಟು ಸಹಿ ಮಾಡಿ ಎನ್ನುತ್ತಿದ್ದಾರೆ."

ಹೊಸ ನಮೂನೆ ತಂದರು. ಬಾ ಸೆರಗಿನಿಂದ ಕೈ ಒರೆಸಿಕೊಂಡು, ಗುಜರಾತಿ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಹೆಸರು ಬರೆದರು. ಸಂಬಂಧ ಎಂಬಲ್ಲಿ ಏನು ಬರೆಯಬೇಕು ಎಂದು ಆ ಹುಡುಗಿ ಕೇಳಿದಳು. ಬಾ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಅವರಿಗೆ ನನ್ನ ಅಪ್ಪಣೆ ಬೇಕಿತ್ತು. ಬರೆಯಿರಿ ಎಂದು ಕೈಯಲ್ಲೇ ತೋರಿಸಿದೆ. 'ಬಾ' ಎಂದು ಬರೆದರು. ಅದೊಂದೇ ಅಕ್ಷರ.

ಮನೆಗೆ ಬಂದು ಘಾರಿಯ ಡಬ್ಬಿ ತೆಗೆದುಕೊಂಡು ಕೆಳಗಿನ ಮನೆಗೆ ಹೋದೆ. ಅಷ್ಟರಲ್ಲಿ ಯಜಮಾನರು ಇನ್ನೂ ಮೂರು ತಿಂದಿದ್ದರು. ಒದ್ದೆ ಬಟ್ಟೆಯ ತಂತಿಯನ್ನು ಅದೇ ಭಾನುವಾರ ಹಿಂದಿನ ಗ್ಯಾಲರಿಗೆ ಕಟ್ಟಿಸಿದೆ.

ಮಗಳು ಈಗ ಜಪಾನಿಗೆ ಹೋಗಿ ಐದು ತಿಂಗಳಾಯಿತು. ಇನ್ನು ಏಳು ತಿಂಗಳಿಗೆ ಬಂದು ಇಲ್ಲಿಯ ಕಾರ್ಖಾನೆ ಸೇರುತ್ತಾಳೆ. ಹೋದ ಬುಧವಾರ ಸಂಜೆ ಫೋನು ಮಾಡಿದಳು. "ಮಮ್ಮಿ, ಒಂದು ತಪ್ಪಾತು. ನಿನ್ನೆ." ಹಳೆಯ ನಕಾಶೆಯನ್ನು ಹೊಸದೆಂದು ಕಳಿಸಿಬಿಟ್ಟಿದ್ದಳಂತೆ, ಅರ್ಧ ದಿನ ಕೆಲಸ ನಿಂತಿತಂತೆ. ಇವತ್ತು ಬೆಳಿಗ್ಗೆ ತಾನೇ ಹೋಗಿ ಮೇಲಿನವರಿಗೆ ಹೇಳಿದಳಂತೆ. ಬೈದರು, ಆದರೆ ತಾನಾಗಿ ಬಂದು ಹೇಳಿದ್ದಕ್ಕೆ ಒಳ್ಳೆಯದಾಯಿತು ಎಂದರಂತೆ.

'ನಿನ್ನೆ ಯಾಕ ಹೇಳಲಿಲ್ಲ?' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಊಟ ಆತೇನವ್ವಾ?" ಎಂದೆ. "ಹಾಂ ಮಮ್ಮಿ, ಆತು" ಎಂದಳು. ಆಮೇಲೆ ಅರ್ಧ ತಾಸು ಬೇರೆ ಏನೇನೋ ಮಾತಾಡಿದೆವು.

ಫೋನಿಟ್ಟು ಕೆಳಗಿಳಿದೆ. ಬಾ ಲಟ್ಟಿಸುತ್ತಿದ್ದರು. ತಲೆ ಎತ್ತದೆ, "ಬಂತಾ ಫೋನು?" ಎಂದರು.

ಮೊದಲ ದಿನದ ಫೋನು ಯಾವ ಮನೆಗೆ ಬಂದಿತ್ತು ಎಂದು ಆಗ ನನಗೆ ಗೊತ್ತಾಯಿತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಚೂರು ಆಯಿತು. ಎದುರಿಗೆ ಕೂತು ಒಂದು ಉಂಡೆ ಹಿಟ್ಟು ತೆಗೆದುಕೊಂಡು ನಾನೂ ಲಟ್ಟಿಸತೊಡಗಿದೆ.

"ನಿನ್ನೆ ಅತ್ತಳೇ?" ಎಂದು ಕೇಳಿದೆ.

"ಅತ್ತಳು" ಎಂದರು ಬಾ. "ನಾನಿದ್ದೆನಲ್ಲ."